ಚಿಕ್ಕ ಸೈರನ್‌ನ ಮರುಪರೀಕ್ಷೆ

“ಇದೊಂದು ಸಲ, ಸರ್. ನೀವು ಮನಸ್ಸು ಮಾಡಿದ್ರೆ ಆಗದೇ ಇರೋದೇನಿದೆ?”

ನೀರಿನ ಫಿಲ್ಟರ್ ಇದ್ದ ಮೂಲೆಯಲ್ಲಿ ಅವನು ಪರೀಕ್ಷಕರನ್ನು ಅಡ್ಡಗಟ್ಟಿ ನಿಂತಿದ್ದ. ದನಿ ಪಿಸುಮಾತಿಗಿಂತ ಮೇಲೇಳಲಿಲ್ಲ. ಕಾರಿಡಾರಿನ ಆ ತುದಿಯ ಬೆಂಚಿನಲ್ಲಿ ಅಪ್ಪ ಕೂತಿದ್ದರು.

ಪರೀಕ್ಷಕರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡರು. ಆಂಬ್ಯುಲೆನ್ಸಿನ ಕೆಲಸವನ್ನು ಅವನಿಗೆ ಕೈಹಿಡಿದು ಕಲಿಸಿದವರೇ ಅವರು. “ಒಳಗೆ ನಾನೊಬ್ಬನೇ ಇರಲ್ಲಪ್ಪ. ಇನ್ನೊಬ್ಬರು ಕೂತಿರ್ತಾರೆ. ಕಂಡದ್ದನ್ನೇ ಬರೀಬೇಕು.”

“ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ, ಸರ್. ಅದಕ್ಕೇ ನಿಮ್ಮನ್ನ ಕೇಳ್ತಿರೋದು.”

ಅವರು ಅವನ ಮುಖವನ್ನೇ ನೋಡಿದರು. ಕಣ್ಣ ಕೆಳಗಿನ ಕಪ್ಪು, ಒಡೆದ ತುಟಿ. “ನನಗೊಂದು ನೆಪ ಕೊಡು. ಸಣ್ಣದಾದ್ರೂ ಸಾಕು. ಉಳಿದದ್ದು ನಾನು ನೋಡ್ಕೋತೀನಿ.”

ಅವನಿಗೆ ಹೋದ ಜೀವ ಬಂದಂತಾಯಿತು.

ಇವತ್ತಿನದು ಕೊನೆಯ ಅವಕಾಶ. ಕೆಲವು ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ನವೀಕರಿಸಿಕೊಳ್ಳಬೇಕು. ಅದಕ್ಕೆ ತರಗತಿಯಲ್ಲಿ ಕೂರಬೇಕು, ಪರೀಕ್ಷಕರ ಎದುರು ಗೊಂಬೆಗೆ ಚಿಕಿತ್ಸೆ ಮಾಡಿ ತೋರಿಸಬೇಕು. ತಪ್ಪಿದರೆ ಮೊದಲಿನಿಂದ ಕಲಿಯಬೇಕು, ಹಾಗೆ ಸೇರುವ ವಯಸ್ಸು ಅವನಿಗೆ ದಾಟಿತ್ತು. ಆಮೇಲೆ ಅವನಿಗೆ ಉಳಿಯುವುದು ಉಗ್ರಾಣದ ಕೆಲಸ: ಹತ್ತಿ, ಪಟ್ಟಿ, ಸಿರಿಂಜು ಜೋಡಿಸುವುದು. ಆಂಬ್ಯುಲೆನ್ಸ್ ಮಾತ್ರ ಮತ್ತೆ ಹತ್ತುವಂತಿಲ್ಲ.

ಅಪ್ಪ ಆಂಬ್ಯುಲೆನ್ಸ್ ಓಡಿಸಿಯೇ ನಿವೃತ್ತರಾದವರು. ಅವರು ಊಟಕ್ಕೆ ಕೂತು ಉಪ್ಪು ಕೇಳಿದರೂ ಬೀದಿಯಲ್ಲಿ ಗಾಡಿಗಳು ದಾರಿ ಬಿಡುತ್ತವೆ ಎಂದು ಜೊತೆಯವರು ನಗುತ್ತಿದ್ದರು. ಅವರು ದೊಡ್ಡ ಸೈರನ್. ಮಗ ಚಿಕ್ಕ ಸೈರನ್. ಈ ಮನೆಯಲ್ಲಿ ಗಾಡಿ ಬಿಟ್ಟು ಇಳಿದವರು ಯಾರೂ ಇಲ್ಲ ಎಂದು ಸಿಕ್ಕವರಿಗೆಲ್ಲ ಹೇಳಿಕೊಳ್ಳುವುದು ದೊಡ್ಡ ಸೈರನ್‌ಗೆ ಅಭ್ಯಾಸ.

ಹೋದ ವರ್ಷದವರೆಗೆ ಚಿಕ್ಕ ಸೈರನ್ನೂ ಚೆನ್ನಾಗಿಯೇ ಇದ್ದ. ಆಮೇಲೆ ಆ ಪುಟ್ಟ ಹುಡುಗಿ. ಕಟ್ಟುತ್ತಿದ್ದ ಮನೆಯ ನೀರಿನ ತೊಟ್ಟಿಯಿಂದ ಎತ್ತಿದ್ದರು. ಆಸ್ಪತ್ರೆ ತಲುಪುವವರೆಗೂ ಅವನು ಅವಳ ಎದೆ ಒತ್ತುವುದನ್ನು ನಿಲ್ಲಿಸಲಿಲ್ಲ. ತಲುಪಿದ ಮೇಲೂ ನಿಲ್ಲಿಸಲಿಲ್ಲ. ಡಾಕ್ಟರೇ ಅವನ ಕೈ ಬಿಡಿಸಬೇಕಾಯಿತು. “ನೀನು ಒಂದು ತಪ್ಪೂ ಮಾಡ್ಲಿಲ್ಲ” ಎಂದು ಎಲ್ಲರೂ ಬೆನ್ನು ತಟ್ಟಿದರು.

ಅಂದಿನಿಂದ ಕರೆ ಬಂದರೆ ಗಾಡಿಯ ಬಾಗಿಲಲ್ಲೇ ನಿಂತುಬಿಡುತ್ತಿದ್ದ. ನಿದ್ದೆ ಹಾರಿಹೋಗಿತ್ತು. ತರಗತಿಗಳನ್ನು ಅರ್ಧಕ್ಕೇ ಬಿಟ್ಟ. ಅಪ್ಪನೇ ಹೋಗಿ, ಪರೀಕ್ಷಕರ ಮುಂದೆ ಕೈಕಟ್ಟಿ ನಿಂತು, ಮುಂದಿನ ತಂಡದಲ್ಲಿ ಮಗನಿಗೆ ಜಾಗ ಮಾಡಿಸಿದರು. ಸಂಜೆಯಾದರೆ ನಡುಮನೆಯಲ್ಲಿ ದಿಂಬು ಹಾಕಿ ಅಭ್ಯಾಸ ಮಾಡಿಸುತ್ತಿದ್ದರು. “ಒತ್ತೋ! ಸತ್ತವನು ಎದ್ದು ಬೈಯಬೇಕು, ಹಾಗೆ ಒತ್ತು!” ದಿಂಬಿನ ಹೊಲಿಗೆ ಬಿಚ್ಚಿಕೊಂಡಿತೇ ಹೊರತು ಮಗ ಬಾಯಿ ಬಿಡಲಿಲ್ಲ.

ಇವತ್ತು ಬೆಳಿಗ್ಗೆ ಹೆಂಡತಿ ಬಾಗಿಲವರೆಗೆ ಬಂದಿದ್ದಳು. “ಪಾಸೋ ನಾಪಾಸೋ, ನೀವು ನನಗೆ ಮೊದಲಿನ ಹಾಗೆ ಆದ್ರೆ ಸಾಕು” ಎಂದಿದ್ದಳು.

ಪರೀಕ್ಷೆಯ ಕೋಣೆಯಲ್ಲಿ ಹಸಿರು ಚಾಪೆ. ಚಾಪೆಯ ಮೇಲೆ ಗೊಂಬೆ. ಅವನು ದೊಡ್ಡವರ ಗೊಂಬೆ ಇರಬಹುದೆಂದುಕೊಂಡಿದ್ದ. ಇದು ಚಿಕ್ಕದು.

“ನೀರಿನಲ್ಲಿ ಮುಳುಗಿದ ಮಗು. ಉಸಿರಿಲ್ಲ, ನಾಡಿ ಇಲ್ಲ. ಶುರು ಮಾಡಿ,” ಎಂದರು ಎರಡನೆಯ ಪರೀಕ್ಷಕಿ.

ಅವನು ಅಲುಗಲಿಲ್ಲ. ಕಿವಿಯಲ್ಲಿ ತೊಟ್ಟಿಯ ನೀರು ತುಳುಕಿತು. ಅವನಿಗೆ ಕಲಿಸಿದವರ ಪೆನ್ನು ಕಾಗದಕ್ಕೆ ತಾಗುವಷ್ಟು ಹತ್ತಿರ ಬಂದು ಕಾದು ನಿಂತಿತು. ಅವರ ಕಣ್ಣು ಅವನನ್ನೇ ಬೇಡುತ್ತಿತ್ತು.

ಆಮೇಲೆ ಮಂಡಿ ತಾನಾಗಿ ಮಡಚಿಕೊಂಡಿತು. ಕೈ ಗೊಂಬೆಯ ಗದ್ದ ಎತ್ತಿತು. ಮೊದಲು ಉಸಿರು, ಆಮೇಲೆ ಎದೆ. ಅವನು ಹಲ್ಲು ಕಚ್ಚಿದ್ದ, ಕತ್ತಿನ ನರ ಉಬ್ಬಿತ್ತು. ತನ್ನ ತೋಳುಗಳ ಜೊತೆಗೇ ಜಗಳಕ್ಕೆ ಬಿದ್ದವನಂತೆ ಕಾಣುತ್ತಿದ್ದ. ಒತ್ತಿದ್ದು ಸರಿಯಾದರೆ ಉರಿಯುವ ಪುಟ್ಟ ದೀಪ ಗೊಂಬೆಯ ಭುಜದಲ್ಲಿತ್ತು. ಅದು ಉರಿದದ್ದು ಆರಲೇ ಇಲ್ಲ.

“ಸಾಕು,” ಎಂದರು ಪರೀಕ್ಷಕಿ. ಅವನು ನಿಲ್ಲಿಸಲಿಲ್ಲ. “ಸಾಕಪ್ಪ, ಆಯ್ತು! ಇಂಥ ಕೈ ನಾನು ನೋಡಿಯೇ ಇಲ್ಲ.”

ಅವನಿಗೆ ಕಲಿಸಿದವರು ಏನನ್ನೂ ಬರೆಯದೆ ಪೆನ್ನಿಗೆ ಮುಚ್ಚಳ ಹಾಕಿದರು.

“ಪಾಸ್!” ದೊಡ್ಡ ಸೈರನ್ ಕೂಗಿದ್ದು ಗೇಟಿನ ಕಾವಲುಗಾರನಿಗೂ ಕೇಳಿಸಿತು. ಜೊತೆಯ ಡ್ರೈವರ್ ಓಡಿಬಂದು ಚಿಕ್ಕ ಸೈರನ್‌ನನ್ನು ಸೊಂಟ ಹಿಡಿದು ಎತ್ತಿಯೇಬಿಟ್ಟ. “ನಾಳೆಯಿಂದ ನನ್ನ ಗಾಡೀಲೇ ಕಣೋ! ನಿನಗೋಸ್ಕರ ಆ ಸೀಟಲ್ಲಿ ಯಾರನ್ನೂ ಕೂರಿಸಿಲ್ಲ.”

ಅವನು ಬಿಕ್ಕಿಬಿಕ್ಕಿ ಅಳತೊಡಗಿದ. ನಿಲ್ಲಿಸಲು ಆಗಲಿಲ್ಲ. ಗೋಡೆ ಹಿಡಿದುಕೊಂಡು ಕುಸಿದ.

“ಅಳಲಿ ಬಿಡಿ,” ಎಂದರು ಅಪ್ಪ, ತಾವೂ ಕಣ್ಣೊರೆಸಿಕೊಳ್ಳುತ್ತ. “ಖುಷಿಗೆ ಹಾಗಾಗುತ್ತೆ.” ಸಿಹಿ ತರುತ್ತೇನೆಂದು ಡ್ರೈವರನನ್ನು ಎಳೆದುಕೊಂಡು ಮೆಟ್ಟಿಲಿಳಿದರು.

ಪರೀಕ್ಷಕರು ಎಲ್ಲರೂ ಹೋದ ಮೇಲೆ ಹೊರಬಂದರು. ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. “ಕ್ಷಮಿಸಪ್ಪ. ಹುಡುಕಿದೆ. ಒಂದು ನೆಪವೂ ಸಿಗಲಿಲ್ಲ.”

“ನಾಪಾಸ್ ಮಾಡಿ ಅಂತ ಅಷ್ಟು ಬೇಡ್ಕೊಂಡೆನಲ್ಲ, ಸರ್,” ಎಂದ ಅವನು. “ನಾನಾಗೇ ಬಿಟ್ಟೆ ಅಂತ ಅಪ್ಪನ ಮುಂದೆ ಹೇಗೆ ಹೇಳ್ಲಿ?”