ಉತ್ತರಾರ್ಧದ ಇಪ್ಪತ್ತೆರಡು ಎಸೆತ

ಹದಿನಾಲ್ಕನೆಯ ಎಸೆತಕ್ಕೆ ಆನಂದತೀರ್ಥರು ವಿಡಿಯೋ ನಿಲ್ಲಿಸಿದರು. ಚೆಂಡು ಇನ್ನೂ ಗಾಳಿಯಲ್ಲಿತ್ತು. ಅದು ಯಾರ ಕೈಗೆ ಬಿತ್ತೆಂದು ನೋಡದೆಯೇ ಅಂಕ ಬರೆದುಕೊಂಡರು.

ಸೋಫಾದಲ್ಲಿದ್ದ ರಜನಿ ಮುಂದಕ್ಕೆ ಬಾಗಿದಳು. ಆ ಚೆಂಡು ಎದುರಾಳಿಗಳ ಕೈಸೇರಿತ್ತಲ್ಲ ಎಂದು ನೆನಪಿಸಿದಳು. ಅದು ತಮಗೆ ಬೇಕಿಲ್ಲ ಎಂದರು ಅವರು, ತಲೆ ಎತ್ತದೆ.

ಅದು ಅವರ ಪದ್ಧತಿ. ಅಮೆರಿಕನ್ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ, ಕೆಡವಲು ನುಗ್ಗಿ ಬರುವವರ ನಡುವೆ ನಿಂತು, ಚೆಂಡನ್ನು ಯಾರಿಗೆ ಎಸೆಯಬೇಕೆಂದು ಎರಡೂವರೆ ಸೆಕೆಂಡಿನಲ್ಲಿ ತೀರ್ಮಾನಿಸಬೇಕಾದವನು. ಹಿಡಿಯುವವನು ಜಾರಿ ಬಿದ್ದರೆ ಇವನೇನು ಮಾಡಿಯಾನು? ಹಾಗಾಗಿ ಆನಂದತೀರ್ಥರು ಚೆಂಡು ಕೈಬಿಟ್ಟ ಕ್ಷಣಕ್ಕೇ ಚಿತ್ರ ನಿಲ್ಲಿಸುತ್ತಾರೆ. ಏನು ಕಂಡ, ಎಷ್ಟು ಬೇಗ ಕಂಡ, ಎಲ್ಲಿಗೆ ಎಸೆದ, ಅಷ್ಟಕ್ಕೇ ಅಂಕ. ಮೈಸೂರಿನಿಂದ ಬಂದ ಈ ಮಾಜಿ ಸಾಫ್ಟ್‌ವೇರ್ ಮನುಷ್ಯ ಲಂಡನ್ ಅಂಚಿನ ಕೆಂಟನ್ನಿನ ತಮ್ಮ ಮನೆಯಲ್ಲಿ ಕೂತು ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದಾರೆ. ಅವರ ಅಂಕ ನಂಬಿ ಅಮೆರಿಕದ ಕಾಲೇಜುಗಳು ನಾಲ್ವರು ಹುಡುಗರನ್ನು ಕರೆಸಿಕೊಂಡಿವೆ. ತಾವು ಮಾತ್ರ ಜನ್ಮದಲ್ಲಿ ಆ ಚೆಂಡು ಮುಟ್ಟಿದವರಲ್ಲ.

ಇವತ್ತಿನ ಹುಡುಗ ರಜನಿಯ ಒಬ್ಬನೇ ಮಗ ಸುಧೀರ್. ಇಪ್ಪತ್ತು ವರ್ಷ, ಲಂಡನ್ನಿನ ಕಾಲೇಜು ತಂಡವೊಂದರ ಕ್ವಾರ್ಟರ್‌ಬ್ಯಾಕ್. ಕಿಟಕಿಯ ಬಳಿ ಮರದ ಕುರ್ಚಿಯಲ್ಲಿ ಕೂತಿದ್ದ. ಪರದೆಯ ಮೇಲೆ ಓಡಾಡುತ್ತಿದ್ದವನು ತನಗೆ ಯಾರೂ ಅಲ್ಲವೆಂಬಂತಿದ್ದ. ಖುಷಿಯಿಲ್ಲ, ಭಯವೂ ಇಲ್ಲ. ನವೆಂಬರಿನಿಂದ ಹೀಗೇ, ಇಟ್ಟದ್ದನ್ನು ತಿನ್ನುತ್ತಾನೆ, ಕರೆದಲ್ಲಿಗೆ ಬರುತ್ತಾನೆ ಎಂದು ರಜನಿ ಹೇಳಿದ್ದಳು. ತಾಯಿ ಮಗ ಇರುವ ಸ್ಟ್ಯಾನ್ಮೋರಿನಲ್ಲಿ ಜನ ಹಾಲು ತರಲೂ ಕಾರು ತೆಗೆಯುತ್ತಾರೆ. ಇವರಿಬ್ಬರು ಎರಡು ಬಸ್ ಬದಲಿಸಿ ಬಂದಿದ್ದರು.

ಅಂಕ ಚೆನ್ನಾಗಿ ಬಂದರೆ ಹುಡುಗ ಮನೆ ಬಿಟ್ಟು ಹೋಗುವುದು ಹೆಚ್ಚುಕಡಿಮೆ ಖಚಿತ, ಅದೂ ನಾಲ್ಕೈದು ವರ್ಷ. ಕಡಿಮೆ ಬಂದರೆ ಅಮ್ಮನ ಜೊತೆ ಉಳಿಯಬಹುದು. ಮಗ ಹೋಗಬಾರದು ಎಂಬುದು ರಜನಿಯ ಆಸೆ. ಅದನ್ನವಳು ಮುಚ್ಚಿಡಲೂ ಇಲ್ಲ.

ಅಳೆಯಬೇಕಿದ್ದದ್ದು ಒಂದೇ ಪಂದ್ಯ, ಅದರಲ್ಲೂ ಉತ್ತರಾರ್ಧ ಮಾತ್ರ. ಅದನ್ನೇ ನೋಡಬೇಕೆಂದು ಹಟ ಹಿಡಿದವಳು ರಜನಿ. ಮಧ್ಯಂತರಕ್ಕೆ ಸ್ವಲ್ಪ ಮುಂಚೆ ಹುಡುಗನ ಹೆಲ್ಮೆಟ್ಟಿಗೆ ಜೋರು ಪೆಟ್ಟು ಬಿದ್ದಿತ್ತು. ಎದ್ದ, ಮತ್ತೆ ಆಡಿದ. ಆಮೇಲೆ ನಾಲ್ಕು ಎಸೆತ ಎದುರಾಳಿಗಳ ಪಾಲಾದವು, ತಂಡ ಸೋತಿತು. ಮಗನ ಅತಿ ಕೆಟ್ಟ ಆಟ ತೋರಿಸಿದರೆ ಅಂಕ ತಾನಾಗಿಯೇ ಇಳಿಯುತ್ತದೆಂದು ಅವಳ ಎಣಿಕೆ. ಲೆಕ್ಕಾಚಾರವೇನೋ ಜಾಣತನದ್ದೇ. ಚೆಂಡು ಬಿದ್ದ ಕಡೆ ಈ ಮನುಷ್ಯ ನೋಡುವುದೇ ಇಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹದಿನೈದು. ಎಡಗಡೆಯವನ ಮೇಲೆ ಕಾವಲಿದೆ ಎಂದು ಕಂಡ, ಬಲಕ್ಕೆ ತಿರುಗಿದ. ಸರಿ. ಹದಿನಾರು, ಸರಿ. ಹದಿನೇಳನೆಯದರಲ್ಲಿ ಎಸೆಯುವಂತೆ ಕೈಯೆತ್ತಿ, ಅಪಾಯ ಕಂಡು ತಡೆದುಕೊಂಡ, ಆಮೇಲೆ ಇನ್ನೊಬ್ಬನಿಗೆ ಎಸೆದ. ಅದಕ್ಕೆ ಪೂರ್ತಿ ಅಂಕ. ರಜನಿ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು.

ಅವರು ಚಹಾಕ್ಕೆಂದು ಅಡುಗೆಮನೆಗೆ ಹೋದಾಗ ಹಿಂದೆಯೇ ಹೋದಳು. ಇಷ್ಟು ಹೊತ್ತು ಎಲ್ಲರಿಗೂ ಹೊಂದುವ ಬೆಂಗಳೂರು ಮಾತಾಡುತ್ತಿದ್ದವಳ ಬಾಯಲ್ಲಿ ಕುಂದಾಪುರ ಬಂತು.

"ಮಾಣಿಗೆ ಕಮ್ಮಿ ಹಾಕಿ ಅಣ್ಣ. ಅವ ಹೋಪ್ದು ನಂಗೆ ಬ್ಯಾಡ."

ಆನಂದತೀರ್ಥರಿಗೆ ಕನಿಕರವಾಯಿತು. ತಮ್ಮ ಮೇಲೇ ಸಿಟ್ಟೂ ಬಂತು. ಆದರೆ ಹನ್ನೆರಡು ಜನರಿಗೆ, ಆಟದ ಗಂಧವಿಲ್ಲದವರಿಗೆ, ಅರ್ಥವಾಗುವಂತೆ ಬರೆಯಬೇಕಮ್ಮ ಎಂದರು. ಸುಳ್ಳು ಬರೆದರೆ ಎಲ್ಲರೆದುರು ನಿಲ್ಲಿಸಿ ಕೇಳುವವರಿದ್ದಾರೆ ಎಂದರು. ರಜನಿ ಸಿಂಕಿನಲ್ಲಿದ್ದ ಲೋಟ ತೊಳೆದಿಟ್ಟಳು. ಯಾರೂ ತೊಳೆ ಎಂದಿರಲಿಲ್ಲ.

ಇಪ್ಪತ್ತೆರಡೂ ಎಸೆತ ಮುಗಿದವು. ಇಪ್ಪತ್ತೊಂದು ಸರಿ. ಇಷ್ಟು ಚೊಕ್ಕ ತೀರ್ಮಾನಗಳನ್ನು ಆನಂದತೀರ್ಥರು ಆ ವಯಸ್ಸಿನವರಲ್ಲಿ ಕಂಡದ್ದು ಅಪರೂಪ. ಹೊಗಳಬೇಕೆನಿಸಿತು, ಹೊಗಳಲಿಲ್ಲ. ಕೊನೆಯದಾಗಿ ಹುಡುಗನನ್ನೇ ಕೇಳಿದರು, ಪೆಟ್ಟು ಬಿದ್ದ ಮೇಲೆ ಕಣ್ಣು ಮಂಜಾಗಿತ್ತೇ, ತಲೆ ಸುತ್ತಿತ್ತೇ ಎಂದು.

ರಜನಿ ಮಗನ ಕಡೆ ನೋಡಿದಳು. ಹೌದೆನ್ನು ಎಂದು ಬೇಡುವ ನೋಟ ಅದು.

"ನೋ, ಅಂಕಲ್," ಎಂದ ಸುಧೀರ್. "ಐ ಸಾ ಎವೆರಿಥಿಂಗ್."

ಅಷ್ಟು ಹೇಳಿ ಮತ್ತೆ ಕಿಟಕಿಯತ್ತ ತಿರುಗಿದ. ರಜನಿ ಅಳಲಿಲ್ಲ. ಅಳು ಬರುವ ಜಾಗದಲ್ಲಿ ಏನೂ ಉಳಿದಿರಲಿಲ್ಲ. ಸೋಮವಾರ ಹತ್ತು ಗಂಟೆಗೆಂದು ಮಗನಿಗೆ ಸೂಟು ತಂದಿದ್ದೇನೆ, ಭುಜದ ಹತ್ತಿರ ಸಡಿಲ ಎಂದಳು, ಯಾರಿಗೆಂದಿಲ್ಲದೆ. ಆನಂದತೀರ್ಥರು ವರದಿಗೆ ಸಹಿ ಹಾಕಿ, ಕೇಳಿದವರಿಗೆ ಮಧ್ಯಾಹ್ನ ಮೂರಕ್ಕೇ ಕಳಿಸಿಬಿಟ್ಟರು. ತಾಯಿ ಮಗ ಬಸ್ ಸ್ಟಾಪಿನ ಕಡೆ ನಡೆದರು. ರಸ್ತೆ ದಾಟುವ ಜಾಗದಲ್ಲಿ ಹುಡುಗ ತುಂಬ ಹೊತ್ತು ನಿಂತೇ ಇದ್ದ, ಕೊನೆಗೆ ಅಮ್ಮ ಕೈ ಹಿಡಿದು ದಾಟಿಸಿದಳು.

ಸೋಮವಾರ ಹತ್ತು ಗಂಟೆಗೆ ಸುಧೀರ್ ಕೋರ್ಟಿನ ಕಟಕಟೆಯಲ್ಲಿ, ಆನಂದತೀರ್ಥರ ವರದಿ ಕೇಳಬೇಕಿದ್ದ ಹನ್ನೆರಡು ಜನ ಜ್ಯೂರಿಯ ಎದುರು ನಿಂತು, ಆ ಪಂದ್ಯ ಮುಗಿಸಿ ಮನೆಗೆ ಮರಳುವಾಗ ಕೆಂಪು ದೀಪ ಕಂಡೂ ಕಾರು ನಿಲ್ಲಿಸದೆ, ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳನ್ನು ಕೊಂದದ್ದು ತಾನು, ತಲೆಗೆ ಬಿದ್ದ ಪೆಟ್ಟಲ್ಲ ಎಂದು ಒಪ್ಪಿಕೊಂಡ.