ನಕ್ಷೆಯಿಂದ ತೆಗೆದ ಬೀದಿ

"ಆ ಮೋರಿ ಚಪ್ಪಡಿ ಬಿರುಕು ಬಿಟ್ಟಿದ್ದು ನನಗೆ ಮೊದಲೇ ಗೊತ್ತಿತ್ತು ಅಮ್ಮಾ," ಎಂದಳು ಶಶಿರೇಖಾ.

ಕಾಫಿ ಲೋಟ ಚಾಚಿದ್ದ ಲಕ್ಕಮ್ಮನ ಕೈ ಅಲ್ಲೇ ನಿಂತಿತು. ಮಗ ಮಹೇಂದ್ರ ಮೊಬೈಲಿನಿಂದ ತಲೆಯೆತ್ತಿದ.

ಲಕ್ಕಮ್ಮನ ಗಂಡ ಚಿಕ್ಕಬೈರಪ್ಪ ತೀರಿಕೊಂಡು ಹದಿನಾರು ದಿನವಾಗಿತ್ತು. ಬೆಳಿಗ್ಗೆ ಹಾಲು ತರಲು ಹೊರಟವರು, ಬೀದಿ ತುದಿಯ ಚಪ್ಪಡಿ ಕುಸಿದು ಮೋರಿಯೊಳಗೆ ಬಿದ್ದಿದ್ದರು. ತಲೆಗೆ ಪೆಟ್ಟು. ಕೋಗಿಲಿನಿಂದ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಶಶಿರೇಖಾ ಯಲಹಂಕದ ಒಂದು ಸರ್ವೆ ಕಂಪನಿಯ ಎಂಜಿನಿಯರ್. ಕೋಗಿಲಿನಿಂದ ಬಾಗಲೂರಿನವರೆಗಿನ ರಸ್ತೆಗಳಿಗೆ ಡಿಜಿಟಲ್ ಅವಳಿ ರೂಪಿಸುವುದು ಅವಳ ಕೆಲಸ. ಅಂದರೆ ಕಂಪ್ಯೂಟರಿನೊಳಗೆ ಪ್ರತಿ ರಸ್ತೆಯ ತದ್ರೂಪು. ಮೋರಿ, ದೀಪದ ಕಂಬ, ಗುಂಡಿ, ಬಿರುಕು ಸಮೇತ. ಯಾವುದು ಕುಸಿಯಬಹುದೆಂದು ಅದು ಮೊದಲೇ ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ವಾರ್ಡ್ ಆಫೀಸಿಗೆ ದುರಸ್ತಿ ಪಟ್ಟಿ ಹೋಗುವುದು ಅದರಿಂದಲೇ.

"ಅಳತೆಗೆ ನಮ್ಮ ಕ್ಯಾಮೆರಾ ಗಾಡಿ ಬಂದುಹೋದ ದಿನವೇ ನಿಮ್ಮ ಚಪ್ಪಡಿ ಕೆಂಪಗೆ ಕಾಣಿಸ್ತು. ವಾರದ ಮೇಲೆ, ಈ ಬೀದಿ ಬೇಡ, ನಕ್ಷೆಯಿಂದ ತೆಗೀರಿ ಅಂತ ಮೇಲಿನವರು ಹೇಳಿದ್ರು. ತೆಗೆದುಬಿಟ್ಟೆ. ದುರಸ್ತಿ ಪಟ್ಟಿಯಿಂದಲೂ ಹೋಯ್ತು. ಚಪ್ಪಡಿ ವಿಷಯ ಒಂದು ಫೋನ್ ಮಾಡಿ ಯಾರಿಗಾದ್ರೂ ಹೇಳಬಹುದಿತ್ತು. ಹೇಳಲಿಲ್ಲ."

ಸಾವಿನ ಸುದ್ದಿ ಓದಿದ ದಿನ ಅವಳು ಆ ತದ್ರೂಪು ತೆರೆದಿದ್ದಳು. ಬೀದಿ ಇರಬೇಕಾದಲ್ಲಿ ಬರೀ ಬೂದು ಬಣ್ಣ. ಅಂದಿನಿಂದ ಊಟ ಸೇರುತ್ತಿರಲಿಲ್ಲ.

"ಆಗಿದ್ದು ಆಗೋಯ್ತು, ಬುಡು ತಾಯಿ," ಲಕ್ಕಮ್ಮ ಅವಸರದಿಂದ ಹೇಳಿದರು. "ಕಾಫಿ ಕುಡಿ, ಆರೋಯ್ತದೆ."

"ನೀನ್ ಸುಮ್ನಿರಮ್ಮ!" ಮಹೇಂದ್ರ ಎದ್ದು ನಿಂತ. "ಯಾಕ್ ತೆಗೆಸಿದ್ರು ಮೇಡಂ? ಯಾರ್ ಹೇಳಿದ್ದು?"

"ಈ ಬೀದಿಯವರೇ ಯಾರೋ ಬೇಡ ಅಂತ ಅರ್ಜಿ ಕೊಟ್ಟಿದ್ರಂತೆ. ಹೆಸರು ನಮಗೆ ಹೇಳಿಲ್ಲ."

"ಬೀದಿಯವ್ರಾ?" ಅವನ ಮುಖ ಕೆಂಪಾಯಿತು. "ಈಗ್ಲೇ ವಾರ್ಡ್ ಆಫೀಸಿಗೆ ಹೋಗ್ತೀನಿ. ಅದ್ಯಾವನು ಅಂತ ನೋಡೇ ಬಿಡ್ತೀನಿ. ಅಪ್ಪನ್ನ ಕೊಂದೋನು ಅವನು."

"ಮಹೇಂದ್ರಾ, ಬ್ಯಾಡ ಕಣೋ!"

ಅವನು ಕೇಳಲಿಲ್ಲ. ಬೈಕಿನ ಸದ್ದು ತಿರುವಿನಾಚೆ ಕರಗಿತು.

"ಪೊಲೀಸರ ಮುಂದೆಯೂ ಹೇಳ್ತೀನಿ ಅಮ್ಮಾ," ಶಶಿರೇಖಾ ಅಳುತ್ತ ಅವರ ಕಾಲ ಬಳಿ ಕುಳಿತಳು. "ತಪ್ಪು ನನ್ನದು."

ಲಕ್ಕಮ್ಮ ಅವಳನ್ನು ಮುಟ್ಟಲಿಲ್ಲ, ಮುಖವನ್ನೂ ನೋಡಲಿಲ್ಲ. ಸರಿದು ಹೋಗಿ ಬಾಗಿಲು ಮುಂದೆ ಮಾಡಿ, ಅದಕ್ಕೇ ಒರಗಿ ನಿಂತರು.

"ಆ ಗಾಡಿ ನೋಡಿ, ರೋಡ್ ಅಗ್ಲ ಮಾಡಕ್ಕೆ ಅಳೀತಾವ್ರೆ, ಮನೆ ಓಯ್ತದೆ ಅಂತ ಎದ್ರುಕೊಂಡೆ ಕಣವ್ವ. ಆ ಅರ್ಜಿ ಕೊಟ್ಟೋಳು ನಾನೇ."