ಶನಿವಾರದ ಇಸ್ತ್ರಿ

ಭಾನುವಾರದ ಆರಾಧನೆಯಲ್ಲಿ ಪಾಸ್ಟರ ಪ್ರಸಂಗ ಇನ್ನೂ ಮುಗಿದಿರಲಿಲ್ಲ, ಸಭೆಯಲ್ಲಿದ್ದ ಬಸ್ ಡ್ರೈವರ್ ಒಬ್ಬ ಎದ್ದು ತನ್ನ ತಾಯಿಯ ಗಾಲಿಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿದ. ಮುದುಕಿ ಕತ್ತು ಹೊರಳಿಸಿ ಮಗನ ಮುಖವನ್ನೇ ನೋಡುತ್ತಿದ್ದಳು. ಚಕ್ರದ ಕಿರುಗುಟ್ಟುವ ಸದ್ದಿಗೆ ಪಾಸ್ಟರ್ ತಲೆಯೆತ್ತಿದರು. ದೇವರ ಮುಂದೆ ತಗ್ಗಿ ನಡೆಯುವ ದೀನತೆಯ ಬಗ್ಗೆ ಮಾತಾಡುತ್ತಾ ಅವರು ಆಗಷ್ಟೇ ಒಂದು ಉದಾಹರಣೆ ಕೊಟ್ಟಿದ್ದರು. "ನಮ್ಮ ಸಭೆಯ ಒಬ್ಬ ಸಹೋದರ, ಕಾಲು ಬಿದ್ದುಹೋದ ತನ್ನ ತಾಯಿಯನ್ನು ಬೇಗ ಕರಕೊಳ್ಳಪ್ಪಾ ಅಂತ ದೇವರನ್ನು ಕೇಳಿಕೊಂಡಿದ್ದನಂತೆ. ನನ್ನ ಮುಂದೆ ಅತ್ತು ಅದನ್ನು ಒಪ್ಪಿಕೊಂಡ. ಅದಪ್ಪಾ ದೀನತೆ ಅಂದರೆ!" ಹೆಸರು ಹೇಳಬಾರದು ಎನ್ನುವಷ್ಟು ಎಚ್ಚರವೇನೋ ಅವರಿಗಿತ್ತು. ಆದರೆ ಆ ಸಭೆಯಲ್ಲಿ ಇದ್ದದ್ದು ಒಂದೇ ಗಾಲಿಕುರ್ಚಿ.

ಮಧ್ಯಾಹ್ನ ಅವರು ಡ್ರೈವರ್ ಮನೆಗೆ ಓಡಿದರು. ಬಾಗಿಲು ಅರ್ಧ ಮಾತ್ರ ತೆರೆಯಿತು.

"ನನ್ನಿಂದ ದೊಡ್ಡ ತಪ್ಪಾಯ್ತಪ್ಪಾ. ಅಮ್ಮನ ಹತ್ರ ಒಂದೆರಡು ಮಾತಾಡಿ ಹೋಗ್ತೀನಿ."

"ಬೇಡ ಪಾಸ್ಟ್ರೇ. ಮಾತ್ರೆ ಬಾಯಿಗಿಟ್ರೆ ಉಗೀತಿದ್ದಾಳೆ. ನಿನ್ನ ಪ್ರಾರ್ಥನೆಗೆ ನಾನ್ಯಾಕಪ್ಪಾ ಅಡ್ಡ ಬರ್ಲಿ ಅಂತಾಳೆ." ಅವನು ಬಾಗಿಲನ್ನು ಹಿಡಿದೇ ನಿಂತಿದ್ದ. "ಸಾಕಾಗಿ ಹೋಗಿದ್ದ ಒಂದು ದಿನ ಬಾಯಿಂದ ಹಾಗೆ ಬಂದ್ಬಿಟ್ಟಿತ್ತು. ತಡ್ಕೊಳ್ಳೋಕಾಗ್ದೆ ನಿಮ್ಮ ಹತ್ರ ಬಂದೆ. ಇನ್ಯಾರ ಹತ್ರ ಹೋಗ್ಬೇಕಿತ್ತು, ಹೇಳಿ?"

ಮಾತಿನಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ ಪಾಸ್ಟರ್ ಆ ಹೊಸ್ತಿಲಿನಿಂದಲೇ ಹಿಂತಿರುಗಿದರು. ಮನೆಗೆ ಬಂದವರೇ ಹೆಂಡತಿಯನ್ನು ಕೇಳಿದರು, "ನಿನ್ನೆ ನಿನ್ನ ಮುಂದೇನೇ ಓದಿದ್ನಲ್ಲೇ. ಆ ಮಾತು ಬೇಡ ಅಂತ ಒಂದ್ಸಲ ಪೆಟ್ಟಿಗೆ ನಿಲ್ಲಿಸಬಾರದಿತ್ತಾ?"

ಪೆಟ್ಟಿಗೆ ಎಂದರೆ ಇಸ್ತ್ರಿಪೆಟ್ಟಿಗೆ. ಮದುವೆಯಾದಂದಿನಿಂದ ಆ ಮನೆಯಲ್ಲಿ ಶನಿವಾರ ಸಂಜೆ ನಡೆದುಕೊಂಡು ಬಂದದ್ದು ಹೀಗೆ: ಆಕೆ ಭಾನುವಾರದ ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದರು, ಇವರು ಪಕ್ಕದಲ್ಲಿ ಕೂತು ಪ್ರಸಂಗವನ್ನು ಗಟ್ಟಿಯಾಗಿ ಓದುತ್ತಿದ್ದರು. ಜಂಬ ಇಣುಕಿದರೆ, ಯಾರಿಗಾದರೂ ಚುಚ್ಚುವ ಮಾತು ನುಸುಳಿದರೆ, ಆಕೆ ಏನೂ ಹೇಳದೆ ಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತಿದ್ದರು. ಇವರು ಆ ಸಾಲನ್ನು ಹೊಡೆದುಹಾಕುತ್ತಿದ್ದರು. ಪಾಸ್ಟರ್ ಎಷ್ಟು ಹದವಾಗಿ ಮಾತಾಡುತ್ತಾರೆ ಎಂದು ಊರು ಹೊಗಳಿದ್ದರಲ್ಲಿ ಅರ್ಧ ಪಾಲು ಆ ಪೆಟ್ಟಿಗೆಯದ್ದು.

ಹೊಗಳಿಕೆ ತಲೆಗೇರಿತು. ಒಂದು ಶನಿವಾರ ಹೊರಗಿನಿಂದ ಬಂದ ಬೋಧಕರು ಮನೆಯಲ್ಲಿದ್ದಾಗಲೇ ಪೆಟ್ಟಿಗೆ ನಿಂತಿತು. ಪಾಸ್ಟರ್ ನಕ್ಕುಬಿಟ್ಟರು. "ನೋಡಿ, ನಮ್ಮನೇಲಿ ಇಸ್ತ್ರಿಪೆಟ್ಟಿಗೆಗೂ ದೇವರ ವಾಕ್ಯ ಗೊತ್ತು! ಲೇ, ನೀನು ಬಟ್ಟೆ ಸುಕ್ಕು ನೋಡ್ಕೋ, ಮಿಕ್ಕಿದ್ದು ನಾನು ನೋಡ್ಕೋತೀನಿ." ಅತಿಥಿಗಳೂ ನಕ್ಕರು. ಆಕೆಯೂ ಒಂದಿಷ್ಟು ನಕ್ಕಂತೆ ಮಾಡಿದರು. ಆಮೇಲೆ ಯಾವ ಶನಿವಾರವೂ ಪೆಟ್ಟಿಗೆ ನಿಲ್ಲಲಿಲ್ಲ. ಓದಿ ಮುಗಿಸಿದಾಗಲೆಲ್ಲ "ಚೆನ್ನಾಗಿದೆ ರೀ" ಎನ್ನುತ್ತಿದ್ದರು. ತಮ್ಮ ಪ್ರಸಂಗಗಳೇ ಈಗ ತಪ್ಪಿಲ್ಲದಷ್ಟು ಪಕ್ವವಾಗಿವೆ ಎಂದು ಈ ಮಹಾನುಭಾವರು ತಿಳಿದುಕೊಂಡಿದ್ದರು.

ಈಗ ಗಂಡನ ಪ್ರಶ್ನೆ ಕೇಳಿ ಆಕೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಕೂತರು. "ನಿಜ ಹೇಳ್ಲಾ? ನನಗೆ ಆ ಮಾತು ಕೇಳಿಸಲೇ ಇಲ್ಲ ರೀ. ಇವತ್ತು ಕುರ್ಚಿ ಹೊರಗೆ ಹೋದಾಗ್ಲೇ ಗೊತ್ತಾಗಿದ್ದು."

"ಕೇಳಿಸಲಿಲ್ಲ ಅಂದ್ರೆ? ಪಕ್ಕದಲ್ಲೇ ಇದ್ಯಲ್ಲ!"

"ಕಿವಿಗೊಟ್ಟು ಕೇಳಿದ್ರೆ ಹೇಳಬೇಕು ಅನ್ಸುತ್ತೆ. ಹೇಳೋ ಹಾಗಿಲ್ಲ. ಅದಕ್ಕೇ ನೀವು ಓದೋಕೆ ಶುರು ಮಾಡಿದ ತಕ್ಷಣ ಮನಸ್ಸಲ್ಲಿ ಬೇರೆ ಏನಾದ್ರೂ ಯೋಚಿಸ್ತೀನಿ. ಮೊದಮೊದಲು ಕಷ್ಟ ಆಗ್ತಿತ್ತು. ಈಗ ತಾನಾಗೇ ಆಗುತ್ತೆ."

ಸಿಟ್ಟಿನಿಂದ ಹೇಳಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಆಕೆಯ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಅವರು ಆಕೆಯ ಮುಂದೆ ಕುಕ್ಕರಿಸಿದರು. "ಇನ್ಮೇಲೆ ಹೇಳೇ. ನಿನ್ನ ಕಾಲು ಹಿಡೀತೀನಿ, ಹೇಳು," ಎಂದರು. "ಅಯ್ಯೋ, ಹಾಗೆಲ್ಲ ಅನ್ನಬೇಡಿ. ಆಗಲಿ," ಎಂದು ಆಕೆ ಕಣ್ಣೊರೆಸಿಕೊಂಡರು.

ಮುಂದಿನ ಶನಿವಾರದ ಹೊತ್ತಿಗೆ ಮುದುಕಿಯನ್ನು ಆಸ್ಪತ್ರೆಗೆ ಸೇರಿಸಿಯಾಗಿತ್ತು. ಮಗ ಕೊಟ್ಟ ನೀರನ್ನೂ ಮುಟ್ಟುತ್ತಿರಲಿಲ್ಲವಂತೆ. ಪಾಸ್ಟರ್ ಸಭೆಯ ಮುಂದೆ ಕ್ಷಮೆ ಕೇಳುವ ಮಾತುಗಳನ್ನು ಬರೆದುಕೊಂಡು ಬಂದು ಹಳೆಯ ಜಾಗದಲ್ಲಿ ಕೂತರು. ಆಕೆ ನಿಲುವಂಗಿಯನ್ನು ಹರಡಿದರು.

"ಕಳೆದ ವಾರ ಒಳ್ಳೆಯ ಉದ್ದೇಶದಿಂದಲೇ ನಾನು ಆಡಿದ ಮಾತಿನಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ..."

ಓದುತ್ತಿದ್ದಂತೆ ಅವರಿಗೇ ಕಸಿವಿಸಿಯಾಯಿತು. ಈ ಸಾಲಿನಲ್ಲಿ ಏನೋ ಕೊಳೆತಿದೆ. ಆದರೆ ಎಲ್ಲಿ ಎಂದು ಸಿಗುತ್ತಿಲ್ಲ. ಅವರು ಪೆಟ್ಟಿಗೆಯನ್ನು ನೋಡಿದರು. ಅದು ತೋಳಿನ ಉದ್ದಕ್ಕೂ ಹೋಗಿ ಹಿಂದಕ್ಕೆ ಬರುತ್ತಿತ್ತು. ಅದೇ ಸಾಲನ್ನು ಇನ್ನೊಮ್ಮೆ, ಗಟ್ಟಿಯಾಗಿ ಓದಿದರು. ಪೆಟ್ಟಿಗೆ ಕಾಲರಿನ ಕಡೆ ತಿರುಗಿತು. ಅವರು ಓದುವುದನ್ನು ಅಲ್ಲಿಗೇ ನಿಲ್ಲಿಸಿ ಕಾದರು.

ದನಿ ನಿಂತದ್ದು ಸ್ವಲ್ಪ ಹೊತ್ತಿನ ಮೇಲೆ ಆಕೆಗೆ ತಿಳಿಯಿತು. ತಲೆ ಎತ್ತದೆ, ಕಾಲರನ್ನು ಒತ್ತುತ್ತಲೇ ಆಕೆ ಹೇಳಿದರು:

"ಚೆನ್ನಾಗಿದೆ ರೀ."